ದಿವಾನರ ಹೊಟ್ಟೆ

ಊಟವಾದ ಮೇಲೆ ಕೆಲವರಿಗೆ ಎಲೆಅಡಿಕೆ ಬೇಕು, ಕೆಲವರಿಗೆ ಒಂದು ಸಣ್ಣ ನಿದ್ದೆ ಬೇಕು. ನನಗೆ ಯಾರ ಮೇಲಾದರೂ ಒಂದಿಷ್ಟು ಅನುಮಾನ ಬೇಕು. ಇದು ಕೆಟ್ಟ ಚಟವೆಂದು ನನಗೂ ಗೊತ್ತು. ಆದರೆ ಎಳನೀರಿನವನು 'ಒಳ್ಳೇ ಗಂಜಿ ಐತೆ' ಎಂದು ಕೊಚ್ಚಲು ಶುರುಮಾಡಿದ ಕೂಡಲೇ ಒಳಗೆ ಬರೀ ನೀರಿದೆ ಎಂದು ನನ್ನ ಮನಸ್ಸು ಹೇಳಿಬಿಡುತ್ತದೆ, ನಾನೇನು ಮಾಡಲಿ? ಮನೆಗೆ ಬೀಗ ಹಾಕಿ ಜಗ್ಗಿ ನೋಡಿ, ಬೀದಿಯ ತುದಿಯವರೆಗೆ ಹೋಗಿ, ಹಿಂತಿರುಗಿ ಬಂದು ಇನ್ನೊಮ್ಮೆ ಜಗ್ಗುತ್ತೇನೆ. ಪಾಂಡವಪುರದ ಒಂದು ಕಾಲೇಜಿನ ಕಚೇರಿಯಲ್ಲಿ ನನಗೆ ಕೆಲಸ. ಹೊಟ್ಟೆನೋವೆಂದು ಯಾರಾದರೂ ರಜೆ ಕೇಳಿದರೆ ನಾನು ಮೊದಲು ಅವರ ಮುಖ ನೋಡುವುದಿಲ್ಲ, ಹೊಟ್ಟೆ ನೋಡುತ್ತೇನೆ. ನಮ್ಮ ಅಟೆಂಡರ್, ಚಿನಕುರಳಿಯ ನಿಂಗೇಗೌಡ, ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ: "ಸಾ, ಬೇಜಾರ್ ಮಾಡ್ಕಬೇಡಿ. ನೀವು ಉಟ್ಟಿದ್ದಾದ್ರೂ ನಿಮ್ಗೆ ನಂಬ್ಕೆ ಐತಾ?" ನನ್ನ ಹುಟ್ಟಿದ ದಿನಾಂಕವನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ತಮಗೆ ತೋಚಿದಂತೆ ಬರೆದುಕೊಂಡಿರಬಹುದೆಂದು ನನಗೆ ಬಹಳ ದಿನದಿಂದ ಗುಮಾನಿ ಇತ್ತು.

ಇಂಥ ನಾನು ಮೀನು ಸಾಕಿದ ಕಥೆ ಇದು. ನಮ್ಮ ಮನೆ ಶ್ರೀರಂಗಪಟ್ಟಣದ ಕೋಟೆಯೊಳಗೆ. ಅಪ್ಪ ದೇವಸ್ಥಾನದ ಸೇವೆಯಲ್ಲಿದ್ದವರು. ಅವರು ಹೋದ ಮೇಲೆ ಅಮ್ಮನಿಗೆ ದಿನದ ದೊಡ್ಡ ಕೆಲಸವೆಂದರೆ ಬೆಳಿಗ್ಗೆ ಸ್ನಾನ ಮುಗಿಸಿ, ಒಂದು ಪೊಟ್ಟಣ ಕಡಲೆಪುರಿ ಹಿಡಿದು ಹೊಳೆಯ ಮೆಟ್ಟಿಲಿಗೆ ಹೋಗುವುದು, ಮೀನುಗಳಿಗೆ ಪುರಿ ಎರಚುವುದು, ಅವು ತಿನ್ನುವವರೆಗೆ ನೋಡಿಕೊಂಡು ನಿಲ್ಲುವುದು. ಕಳೆದ ವರ್ಷ ಅವಳಿಗೆ ಮಂಡಿಯ ಆಪರೇಷನ್ ಆಯಿತು. ಇನ್ನು ಮೆಟ್ಟಿಲು ಇಳಿಯುವ ಹಾಗಿಲ್ಲ ಎಂದರು ಡಾಕ್ಟರು. ಅಮ್ಮ ನೋವಿನ ಮಾತು ಆಡಲಿಲ್ಲ, ಬಿಲ್ಲಿನ ಮಾತೂ ಆಡಲಿಲ್ಲ. "ಇನ್ನು ಮೀನಿಗೆ ಪುರಿ ಯಾರು ಹಾಕ್ತಾರೋ?" ಎಂದು ಕೇಳಿದಳು. "ಟೂರಿಸ್ಟುಗಳು ದಂಡಿಯಾಗಿ ಬರ್ತಾರಲ್ಲಮ್ಮ, ಹಾಕ್ತಾರೆ ಬಿಡು" ಎಂದೆ. "ಅವರು ಫೋಟೋಕ್ಕೆ ಹಾಕ್ತಾರೆ" ಎಂದವಳು ಆಮೇಲೆ ಮಾತೇ ಕಮ್ಮಿ ಮಾಡಿದಳು. ನಡುಮನೆಯ ಕುರ್ಚಿಯಲ್ಲಿ ಕುಳಿತು ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಟಿವಿ ಹಾಕಿದರೆ ಸದ್ದು ಜಾಸ್ತಿಯಾಯಿತು, ಆರಿಸು ಎನ್ನುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅಮ್ಮ ಹೊಳೆಗೆ ಹೋಗದಿದ್ದರೆ ಹೊಳೆಯ ಒಂದು ಚೂರನ್ನಾದರೂ ಆ ಗೋಡೆಯ ಹತ್ತಿರ ತಂದಿಡೋಣ ಎಂದುಕೊಂಡೆ.

ಮೈಸೂರಿನಲ್ಲಿ ಒಂದು ಮೀನಿನ ಅಂಗಡಿಗೆ ಹೋದೆ. ಅಂಗಡಿಯವನು ನಾಗಮಂಗಲದ ದೇವಲಾಪುರದ ಕಡೆಯವನೆಂದು ಮಾತಿನಲ್ಲಿ ತಿಳಿಯಿತು. ಅಲ್ಲಿಗೆ ನನ್ನ ಮೊದಲ ಅನುಮಾನ ಎದ್ದು ಕೂತಿತು. ಮಳೆಯನ್ನೇ ನಂಬಿದ ಬೆದ್ದಲಿನ ಕಡೆಯವನು, ಕಾವೇರಿ ದಡದಲ್ಲಿ ಹುಟ್ಟಿದ ನನಗೆ ಮೀನಿನ ಪಾಠ ಹೇಳುವುದೆ? ಅವನು ಒಂದು ನೀಲಿ ಮೀನು ತೋರಿಸಿದ. ಹೆಬ್ಬೆಟ್ಟಿನಷ್ಟು ಮೈ, ಅದರ ಎರಡರಷ್ಟು ಬಾಲ. "ಫೈಟರ್ ಸಾ. ಬೆಟ್ಟಾ ಅಂತಾರೆ. ಒಂದೇ ತಕ್ಕಳಿ. ಇನ್ನೊಂದ್ ಗಂಡು ಬುಟ್ರೆ ಕಿತ್ತಾಡ್ಕಂಡು ಸಾಯ್ತವೆ" ಎಂದ. ಎರಡು ಮಾರುವುದನ್ನು ಬಿಟ್ಟು ಒಂದೇ ಸಾಕೆನ್ನುವ ವ್ಯಾಪಾರಿಯನ್ನು ನಾನು ಎಲ್ಲಿಯೂ ಕಂಡಿಲ್ಲ. ಸರಿ, ಆ ಒಂದನ್ನು ಕೊಡು ಎಂದರೆ, "ಇವತ್ ಬ್ಯಾಡಿ. ಮೊದ್ಲು ತೊಟ್ಟಿ ಮಡಗಿ, ಗಿಡ ಬೇರ್ ಬುಡ್ಲಿ, ನೀರು ಅದವಾಗ್ಲಿ. ಆಮೇಕ್ ಬನ್ನಿ" ಎಂದ. ಕೊಳ್ಳಬೇಡ ಎನ್ನುವ ಅಂಗಡಿ! ಇದರಲ್ಲಿ ಏನೋ ಇದೆ ಎಂದುಕೊಂಡು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಏನಿದೆ ಎಂದು ಗೊತ್ತಾಗಲಿಲ್ಲ.

ಗಾಜಿನ ತೊಟ್ಟಿ ಬಂತು. ತಳಕ್ಕೆ ಜರಡಿ ಹಿಡಿದ ಮಣ್ಣು, ಅದರ ಮೇಲೆ ತೊಳೆದ ಮರಳು, ಮರಳಿನಲ್ಲಿ ಗಿಡ. ಗಿಡಗಳಿಗೆ ಅವನು ಏನೇನೋ ಹೆಸರು ಹೇಳಿದ್ದ, ಒಂದೂ ನನ್ನ ಬಾಯಲ್ಲಿ ನಿಲ್ಲಲಿಲ್ಲ. ಫೋನಿನಲ್ಲಿ ಚಿತ್ರ ತೋರಿಸಿದಾಗ ನಿಂಗೇಗೌಡ ಬಾಯಿಗೆ ಕೈ ಇಟ್ಟುಕೊಂಡು, "ಅಯ್ಯೋ, ಇದ್ಕೆ ಕಾಸ್ ಕೊಟ್ರಾ ಸಾ? ನಮ್ ನಾಲೇಲಿ ಇಂಥವ ಎತ್ತಿ ದಡಕ್ಕೆ ಬಿಸಾಕ್ತೀವಿ" ಎಂದ. ನಲ್ಲಿಯ ನೀರಿಗೆ ಔಷಧಿ ಬೆರೆಸಿರುತ್ತಾರಾದ್ದರಿಂದ ಅದನ್ನು ಬಕೆಟ್ಟಿನಲ್ಲಿ ಹಿಡಿದು ಒಂದು ದಿನ ತೆರೆದಿಡಬೇಕು. ನಾನು ಇಟ್ಟೆ, ಮೂಸಿ ನೋಡಿದೆ, ನಂಬಿಕೆ ಬಾರದೆ ಮತ್ತೂ ಒಂದು ದಿನ ಇಟ್ಟೆ. ನನ್ನ ಹೆಂಡತಿ ವಿಮಲಾ, "ಮದುವೆಗೆ ಮುಂಚೆ ನನ್ನನ್ನೂ ಹೀಗೇ ಬಕೆಟ್ಟಲ್ಲಿ ಇಟ್ಟು ನೋಡಬೇಕು ಅಂತ ಇತ್ತೇನ್ರೀ?" ಎಂದು ಕೇಳಿದಳು. ಅಂತೂ ಮೂರು ವಾರ ನಮ್ಮ ನಡುಮನೆಯಲ್ಲಿ ಮೀನಿಲ್ಲದ ಮೀನಿನ ತೊಟ್ಟಿ ಇತ್ತು. ಬಂದವರೆಲ್ಲ ಬಗ್ಗಿ, ಗಿಡಗಳ ಸಂದಿಯಲ್ಲಿ ಹುಡುಕಿ, ಸತ್ತುಹೋಯಿತೇನೋ ಎಂದು ಮೆಲ್ಲಗೆ ಕೇಳಿ ಹೋಗುತ್ತಿದ್ದರು. ಎದುರುಮನೆಯ ಮಾಮಿಯ ಅನುಮಾನ ಬೇರೆ ಥರದ್ದು. ಒಂದು ಸಂಜೆ ಬಂದು, ದನಿ ತಗ್ಗಿಸಿ, "ನಿಮ್ಮನೇಗೆ ಮೀನು ತರ್ತೀರಂತೆ, ಹೌದಾ?" ಎಂದು ಅಮ್ಮನನ್ನು ಕೇಳಿದರು. "ಸಾಕೋದಕ್ಕೆ ಕಣೇ!" ಎಂದಳು ಅಮ್ಮ. ಮಾಮಿ ಹೂಂ ಎಂದರು. ಆಮೇಲೆ ಎಷ್ಟೋ ದಿನ ನಮ್ಮ ಅಡುಗೆಮನೆಯ ಕಿಟಕಿ ದಾಟುವಾಗ ಅವರ ಮೂಗು ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು.

ಕೊನೆಗೆ ಮೀನು ಬಂತು. ಗಿಡಗಳ ನಡುವಿನಿಂದ ಅದು ಬಾಲ ಹರಡಿಕೊಂಡು ಮೆಲ್ಲಗೆ ಹೊರಟದ್ದನ್ನು ಕಂಡು ಅಮ್ಮ, "ಜರಿ ಪಂಚೆ ಉಟ್ಟು ದರ್ಬಾರಿಗೆ ಹೊರಟ ದಿವಾನರ ಹಾಗಿದೆ ಕಣೋ" ಎಂದಳು. ಅಂದಿನಿಂದ ಅದರ ಹೆಸರು ದಿವಾನರು. ದಿವಾನರು ಎದ್ದರು, ದಿವಾನರು ಎಲೆಯ ಮೇಲೆ ಮಲಗಿದರು, ದಿವಾನರಿಗೆ ಇವತ್ತು ಯಾಕೋ ಕೋಪ ಎಂದು ಅಮ್ಮನ ಮಾತು ವಾಪಸ್ಸು ಬಂತು. ನನಗಾದ ಸಂತೋಷ ಹೇಳತೀರದು. ಆದರೆ ಅಮ್ಮ ಪುರಿ ಡಬ್ಬಕ್ಕೆ ಕೈ ಹಾಕಿದಳು ನೋಡಿ, ನಾನು ಹಾರಿ ಹಿಡಿದೆ. "ಪುರಿ ಹಾಕೋ ಹಾಗಿಲ್ಲಮ್ಮ. ಇದಕ್ಕೆ ಬೇರೆ ಕಾಳು ಇದೆ. ಬೆಳಿಗ್ಗೆ ಎರಡು, ಸಂಜೆ ಎರಡು, ಅಷ್ಟೇ. ನಾನೇ ಹಾಕ್ತೀನಿ. ಬೇರೆ ಯಾರೂ ಮುಟ್ಟಬೇಡಿ." "ಹೊಳೆ ಮೀನು ಇಷ್ಟು ವರ್ಷ ತಿಂದು ಸತ್ತಿಲ್ವಲ್ಲೋ" ಎಂದಳು ಅಮ್ಮ. ಆದರೂ ಒಪ್ಪಿದಳು. ಆ ಕಾಳಿನಲ್ಲಿ ಒಣಗಿದ ಸೀಗಡಿಯ ಪುಡಿ ಇದೆಯೆಂದು ಪೊಟ್ಟಣದ ಮೇಲೆ ಓದಿದ ವಿಮಲಾ ಅದನ್ನು ಅಡುಗೆಮನೆಯ ಹೊಸಿಲು ದಾಟಲು ಬಿಡಲಿಲ್ಲ. ಹಾಗಾಗಿ ಡಬ್ಬಿ ನಡುಮನೆಯ ಕಿಟಕಿಯ ಮೇಲೆ, ಎಲ್ಲರ ಕೈಗೂ ಸಿಗುವ ಹಾಗೆ ಉಳಿಯಿತು. ಅನುಮಾನ ಪಡುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ಹತ್ತು ಹದಿನೈದು ದಿನ ಕಳೆದಿರಬಹುದು. ದಿವಾನರ ಹೊಟ್ಟೆ ಉಬ್ಬಿತು. ಮೊದಲು ಊಟ ಮಾಡಿ ಎದ್ದವರ ಹಾಗೆ, ಆಮೇಲೆ ಮದುವೆಮನೆಯಿಂದ ಎದ್ದವರ ಹಾಗೆ. ಒಂದು ಬೆಳಿಗ್ಗೆ ನೋಡಿದರೆ ಪಕ್ಕಕ್ಕೆ ವಾಲಿಕೊಂಡು ತೇಲುತ್ತಿದ್ದರು. ಅಂಗಡಿಯವನಿಗೆ ಫೋನ್ ಮಾಡಿದೆ. "ಯಾರೋ ಜಾಸ್ತಿ ಆಕ್ತಾವ್ರೆ ಸಾ. ಮೂರ್ ದಿನ ಏನೂ ಆಕ್ಬೇಡಿ, ಒಟ್ಟೆ ಇಳೀತದೆ" ಎಂದ. ಮೊದಲೇ ನರಳುವ ಪ್ರಾಣಿಗೆ ಊಟ ನಿಲ್ಲಿಸುವುದೆ? ಇದು ಸತ್ತರೆ ಇನ್ನೊಂದು ಮಾರಬಹುದಲ್ಲ, ಅದಕ್ಕೇ ಈ ಉಪದೇಶ ಎಂದು ಆ ಅರ್ಧ ಮಾತನ್ನು ಅಲ್ಲೇ ಬಿಟ್ಟೆ. ಇನ್ನರ್ಧ ನನಗೆ ಬಹಳ ಹಿಡಿಸಿತು: ಯಾರೋ ಜಾಸ್ತಿ ಹಾಕುತ್ತಿದ್ದಾರೆ. ಯಾರು?

ನಿಜ ಹೇಳಬೇಕೆಂದರೆ ಆ ಶಂಕೆ ನನಗೆ ಮೊದಲ ದಿನದಿಂದಲೇ ಇತ್ತು. ಅದಕ್ಕಾಗಿ ಒಂದು ಪರೀಕ್ಷೆಯನ್ನೂ ಕಂಡುಹಿಡಿದಿದ್ದೆ. ತೊಟ್ಟಿಯ ಹತ್ತಿರ ಹೋದಾಗಲೆಲ್ಲ ಒಂದು ಕಾಳು ಹಾಕಿ ನೋಡುವುದು. ಮೀನು ತಿಂದರೆ ಅದಕ್ಕೆ ಹಸಿವಿದೆ, ಯಾರೂ ಕದ್ದು ಹಾಕಿಲ್ಲ. ತಿನ್ನದಿದ್ದರೆ ಯಾರೋ ಹಾಕಿದ್ದಾರೆ. ಎಷ್ಟು ಸರಳ! ಆದರೆ ದಿವಾನರು ಒಂದು ಸಲವಾದರೂ ಬೇಡ ಎಂದವರಲ್ಲ. ಪರೀಕ್ಷೆಯ ಪ್ರಕಾರ ಎಲ್ಲರೂ ನಿರಪರಾಧಿಗಳು, ಹೊಟ್ಟೆ ಮಾತ್ರ ದಿನೇದಿನೇ ದಪ್ಪ. ಹಾಗಾದರೆ ಒಳಗೆ ಹೋಗುತ್ತಿರುವುದು ಕಾಳಲ್ಲ, ಬೇರೇನೋ. ಬೇರೇನೋ ಎಂದರೆ ಪುರಿ. ಪುರಿ ಎಂದರೆ ಅಮ್ಮ.

ಮೆತ್ತಗೆ ಕೇಳಬೇಕೆಂದುಕೊಂಡೇ ಹೋದೆ. ಬಾಯಿಂದ ಬಂದದ್ದು ಬೇರೆ. "ಅಮ್ಮ, ಪುರಿ ಹಾಕಬೇಡ ಅಂತ ಎಷ್ಟು ಸಲ ಹೇಳಿದ್ದೆ! ಈಗ ನೋಡು, ಅದು ಸಾಯೋ ಹಾಗಾಗಿದೆ." ಅಮ್ಮ ನನ್ನನ್ನೇ ನೋಡಿದಳು. "ನನ್ನ ಮೇಲೇನೋ?" ಎಂದಳು. "ಅದು ಗಾಜಿನ ಹತ್ತಿರ ಬಂದು ಬಾಯಿ ಬಾಯಿ ಬಿಡೋವಾಗ ನನ್ನ ಹೊಟ್ಟೆ ಉರಿಯುತ್ತೆ. ಆದರೂ ನೀನು ಬೇಡ ಅಂದೆ ಅಂತ ಒಂದು ಅಗುಳು ಹಾಕಿಲ್ಲ. ಅಲ್ವೋ, ನಿಮ್ಮಪ್ಪ ಒಂದು ದಿನ ನನ್ನ ಮೇಲೆ ಅನುಮಾನ ಪಟ್ಟವರಲ್ಲ." ಅಷ್ಟು ಹೇಳಿ, ಕೋಲು ಊರಿ ಎದ್ದು, ಕುರ್ಚಿಯನ್ನು ತಾನೇ ಎಳೆದು ತಿರುಗಿಸಿ, ತೊಟ್ಟಿಗೆ ಬೆನ್ನು ಹಾಕಿ ಕುಳಿತಳು. ನಾನು ಹಿಡಿಯಲು ಹೋದರೆ ಕೈ ಕೊಸರಿಕೊಂಡಳು. ಈಗ ಅವಳ ಮುಂದೆ ಇನ್ನೊಂದು ಗೋಡೆ. ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಇಷ್ಟು ಕೋಪ ಬಂದಿದೆಯೆಂದರೆ ಏನೋ ಇರಲೇಬೇಕು ಎಂದೂ ಒಳಗೊಳಗೇ ಅನ್ನಿಸಿತು.

ಮರುದಿನ ಭಾನುವಾರ. ನಮ್ಮ ಮನೆಗೆಲಸಕ್ಕೆ ಗಂಜಾಮಿನಿಂದ ಜಯಮ್ಮ ಬರುತ್ತಾಳೆ. ಅವಳನ್ನು ಹಿತ್ತಲಿಗೆ ಕರೆದು, ಇವತ್ತು ನಡುಮನೆಯಲ್ಲೇ ಕೂತು ಅವರೆಕಾಯಿ ಸುಲಿ, ಮೀನಿಗೆ ಯಾರು ಏನು ಹಾಕುತ್ತಾರೆ ನೋಡಿಕೊಂಡು ಸಂಜೆ ನನಗೊಬ್ಬನಿಗೇ ಹೇಳು ಎಂದೆ. ಅವಳು ಬಹಳ ಗಂಭೀರವಾಗಿ ತಲೆಯಾಡಿಸಿದಳು. ಇಡೀ ದಿನ ಅವರೆ ಸುಲಿದಳು. ನಾನೂ ಆಗಾಗ ಬಂದು, ಅಮ್ಮನ ಬೆನ್ನು ನೋಡಿ, ದಿವಾನರ ಹೊಟ್ಟೆ ನೋಡಿ ಹೋಗುತ್ತಿದ್ದೆ. ಸಂಜೆ ಕಾಫಿಯ ಹೊತ್ತಿಗೆ ವಿಮಲಾ, ಅಮ್ಮ ಇಬ್ಬರೂ ಅಲ್ಲೇ ಇರುವಾಗಲೇ ಜಯಮ್ಮ ಸೆರಗು ಕೊಡವಿ ಎದ್ದು ನಿಂತಳು. ನಾನು ಕಣ್ಣು ಮಿಟುಕಿಸಿದೆ, ಕೆಮ್ಮಿದೆ. ಅವಳಿಗೆ ಕಾಣಲಿಲ್ಲ, ಕೇಳಿಸಲೂ ಇಲ್ಲ.

"ಅಮ್ಮೋರು ಅತ್ತ ತಿರುಗೇ ಇಲ್ಲ ಕಣಣ್ಣ. ಅಕ್ಕೋರು ಅಡ್ಗೆಮನೆ ಬುಟ್ಟು ಬಂದಿಲ್ಲ. ಆಕ್ದೋರು ನೀವೇಯ."

"ನಾನೇ?"

"ಊಂ ಮತ್ತೆ. ಪೇಪರ್ ತಕ್ಕಳಕ್ ಬಂದಾಗ ಒಂದ್ ಆಕುದ್ರಿ. ಕಾಪಿ ಲೋಟ ಮಡಗಕ್ ಬಂದಾಗ ಒಂದು. ಕನ್ನಡ್ಕ ಉಡಿಕ್ಕಂಡು ಬಂದ್ರಿ, ಆಗೊಂದು. ಕನ್ನಡ್ಕ ಸಿಕ್ತು ಅಂತ ಯೋಳಕ್ ಬಂದ್ರಿ, ಆಗೂ ಒಂದು. ಊಟ ಆದ್ಮೇಲೆ ಸುಮ್ಸುಮ್ಕೆ ಬಂದು ಇನ್ನೊಂದು. ನಂಗೇ ಅಯ್ಯೋ ಅನ್ನುಸ್ಬುಡ್ತು ಕಣಣ್ಣ, ಆ ಮೀನಾದ್ರೂ ಎಷ್ಟೂಂತ ತಿಂದಾತು?"

"ಅದು ಹಾಕಿದ್ದಲ್ಲ ಜಯಮ್ಮ, ಅದು ಟೆಸ್ಟು" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

"ಟೆಸ್ಟು ಒಟ್ಟೇಗ್ ಓಗಾಕಿಲ್ವಾ?" ಎಂದಳು ಜಯಮ್ಮ.

ವಿಮಲಾ ಕಾಫಿ ಲೋಟವನ್ನು ಕೆಳಗಿಟ್ಟು, ನೆಲದ ಮೇಲೆ ಕುಳಿತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಅಮ್ಮ ನಗಲಿಲ್ಲ. ಕುರ್ಚಿಯನ್ನು ತೊಟ್ಟಿಯ ಕಡೆಗೆ ತಿರುಗಿಸು ಎಂದು ಸನ್ನೆ ಮಾಡಿದಳು. ನಾನು ತಿರುಗಿಸಿದೆ. "ತಪ್ಪಾಯ್ತಮ್ಮ" ಎಂದೆ. ಅವಳು ನನ್ನನ್ನು ಬಿಟ್ಟು, ವಾಲಿಕೊಂಡ ಮೀನನ್ನೇ ನೋಡುತ್ತ, "ಆ ಅಂಗಡಿಯವನು ಏನು ಮಾಡು ಅಂದ?" ಎಂದು ಕೇಳಿದಳು. ಹೇಳಿದೆ. "ಸರಿಯಾಗೇ ಹೇಳಿದಾನೆ. ನಾಳೆ ಏಕಾದಶಿ. ನನ್ನ ಜೊತೆ ದಿವಾನರೂ ಉಪವಾಸ. ಆ ಡಬ್ಬಿ ಇಲ್ಲಿ ಕೊಡು." ಸೀಗಡಿಯ ಪುಡಿ ಇದೆ ಎಂದು ಇಷ್ಟು ದಿನ ಕಾಲಿನಿಂದಲೂ ಮುಟ್ಟದಿದ್ದ ಅಮ್ಮ ಡಬ್ಬಿಯನ್ನು ಈಸಿಕೊಂಡು, ಒಂದು ಹಳೆಯ ಬಟ್ಟೆಯಲ್ಲಿ ಸುತ್ತಿ, ಕುರ್ಚಿಯ ಕೆಳಗಿಟ್ಟಳು.

ಏಕಾದಶಿ ಕಳೆಯಿತು. ದ್ವಾದಶಿಯಂದು ಅಮ್ಮ ಪಾರಣೆ ಮಾಡಿದಳು, ದಿವಾನರಿಗೆ ಮಾತ್ರ ಇನ್ನೂ ಎರಡು ದಿನ ಮುಂದುವರಿಸಿದಳು. ನಾಲ್ಕನೆಯ ಬೆಳಿಗ್ಗೆ, "ಲೋ, ಬಾರೋ ಇಲ್ಲಿ!" ಎಂದು ಅಮ್ಮ ಕೂಗಿದ ಕೂಗಿಗೆ ಹಲ್ಲುಜ್ಜುವ ಬ್ರಷ್ಷಿನ ಸಮೇತ ಓಡಿದೆ. ದಿವಾನರು ನೆಟ್ಟಗೆ ನಿಂತಿದ್ದರು. ಹೊಟ್ಟೆ ಇಳಿದಿತ್ತು. ಬಾಲ ಹರಡಿಕೊಂಡು ಗಿಡದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಗಾಜಿನ ಹತ್ತಿರ ಬಂದರು. ಅಮ್ಮನ ಕಣ್ಣಲ್ಲಿ ನೀರು. ನನಗೂ ಬಂತು, ಪೇಸ್ಟಿನ ಖಾರ ಎಂದು ಹೇಳಿ ಒರೆಸಿಕೊಂಡೆ.

ಈಗ ಕಾಳು ಹಾಕುವುದು ಅಮ್ಮ. ಹಾಕಿ, ಕೈ ತೊಳೆದು, ದಿವಾನರು ತಿನ್ನುವವರೆಗೆ ನೋಡುತ್ತಾಳೆ. ಅಲ್ಲಿಗೆ ಎಲ್ಲ ಸುಖವಾಗಿ ಮುಗಿಯಿತು ಎಂದುಕೊಂಡಿರಾ? ನಾನು ನಡುಮನೆಯಲ್ಲಿ ಕಾಲಿಟ್ಟರೆ ಸಾಕು, "ಎಲ್ಲಿಗೋ?" ಎನ್ನುತ್ತಾಳೆ. ಪೇಪರಿಗೆ ಎಂದರೆ, "ಪೇಪರ್ ಆ ಕಡೆ ಇದೆ, ಈ ಕಡೆ ಯಾಕೆ ಬಂದೆ?" ಎನ್ನುತ್ತಾಳೆ. ಮೊನ್ನೆ ಆಫೀಸಿನಿಂದ ಬಂದು, ಊಟಕ್ಕೆ ಮುಂಚೆ ದಿವಾನರನ್ನು ಒಂದು ಗಳಿಗೆ ನೋಡೋಣವೆಂದು ತೊಟ್ಟಿಯ ಮುಂದೆ ನಿಂತೆ. ನೋಡುವುದಷ್ಟೇ, ದೇವರಾಣೆ. "ಕೈ ತೋರಿಸು" ಎಂದಳು. ತೋರಿಸಿದೆ. "ಹಿಂದೆ ತಿರುಗಿಸು" ಎಂದಳು. ತಿರುಗಿಸಿದೆ. ಆದರೂ ಸಮಾಧಾನವಾಗದೆ ನನ್ನ ಬೆರಳುಗಳನ್ನು ಹತ್ತಿರ ಎಳೆದುಕೊಂಡು ಮೂಸಿದಳು. ಸೋಪಿನ ವಾಸನೆ. ಸದ್ಯ, ಬಚಾವಾದೆ ಎಂದುಕೊಳ್ಳುವಷ್ಟರಲ್ಲಿ ಅಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು:

"ಏನೂ ಹಾಕಿಲ್ಲ ಅಂದಮೇಲೆ ಸೋಪು ಹಾಕಿ ಯಾಕೋ ತೊಳ್ಕೊಂಡೆ?"