ವಾರಕ್ಕೆರಡು ದಿನ ದೇವಿಯಾಗುತ್ತಿದ್ದ ನಮ್ಮತ್ತೆ

ನಮ್ಮ ಸೋದರತ್ತೆ ದೇವಿ. ನಗಬೇಡಿ, ವಾರಕ್ಕೆ ಎರಡೇ ದಿನ! ಮಂಗಳವಾರ, ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಅವಳ ಮೈಮೇಲೆ ಅಮ್ಮ ಬರುತ್ತಿದ್ದಳು. ಉಳಿದ ದಿನಗಳಲ್ಲಿ ಕೊಟ್ಟೂರಿನ ಎಲ್ಲ ಹೆಂಗಸರ ಹಾಗೆ ಖಾರ ಕುಟ್ಟುತ್ತ, ಶೇಂಗಾ ಸುಲಿಯುತ್ತ, ನಲ್ಲಿಯ ಮುಂದೆ ಕೊಡ ಹಿಡಿದು ಜಗಳಾಡುತ್ತ ಇರುತ್ತಿದ್ದಳು. ನಲ್ಲಿಯ ಸಾಲಿನಲ್ಲಿ ಬೆಳಿಗ್ಗೆ ಅತ್ತೆಯ ಕಿವಿಗೆ ಬಿದ್ದದ್ದೆಲ್ಲ ಸಂಜೆ ದೇವಿಗೆ ತಿಳಿದಿರುತ್ತಿತ್ತು. ದಿವ್ಯಜ್ಞಾನ ಅಂದರೆ ಮತ್ತೇನು?

ಓಣಿಯ ಗಂಡಸರು ಬೆನ್ನ ಹಿಂದೆ ಅವಳನ್ನು ಮಾಟಗಾತಿ ಎನ್ನುತ್ತಿದ್ದರು. ಎದುರಿಗೆ? ಎದುರಿಗೆ ‘ತಾಯಿ’! ಒಮ್ಮೆ ಪಕ್ಕದ ಮನೆಯವನು ಕುಡಿದು ಹೆಂಡತಿಗೆ ಹೊಡೆದಿದ್ದ. ಪೊಲೀಸರಿಗೂ ಜಗ್ಗದ ಭೂಪ. ಶುಕ್ರವಾರ ಆ ಹೆಂಡತಿಯೇ ಪ್ರಸಾದದ ನೆಪ ಹೇಳಿ ಅವನನ್ನು ಕರೆತಂದಳು. ಅತ್ತೆ ತುರುಬು ಬಿಚ್ಚಿದಳು, ಬೇವಿನ ಸೊಪ್ಪು ಝಾಡಿಸಿದಳು, ಕಣ್ಣು ಕೆಕ್ಕರಿಸಿದಳು.

“ಏನಲೇ, ನನ್ನ ಮಗಳ ಮ್ಯಾಲೆ ಕೈ ಎತ್ತಿಯಂತ?”

“ತಪ್ಪಾತವ್ವಾ!”

“ಬರೋ ಯುಗಾದಿ ತನಕ ಮನಿಗೆ ನೀರು ನೀನ ಹೊರಬೇಕು. ಕೊಡ ತಲಿ ಮ್ಯಾಲೆ ಇರ್ಬೇಕು ನೋಡು, ಹೆಗಲ ಮ್ಯಾಲೆ ಅಲ್ಲ!”

ಹೊತ್ತ. ಯುಗಾದಿ ಕಳೆದ ಮೇಲೂ ಹೊರುತ್ತಿದ್ದ. ಸಾಕು ಅಂತ ದೇವಿ ಹೇಳಿರಲಿಲ್ಲವಲ್ಲ!

ಕಾಲೇಜಿಗೆ ನಡೆದೇ ಹೋಗುತ್ತಿದ್ದ ನನಗೆ ಸೈಕಲ್ಲು ಬಂದದ್ದೂ ದೈವಕೃಪೆಯಿಂದಲೇ. ಹೆಣ್ಣುಹುಡುಗಿಗೆ ಅದೆಲ್ಲ ಯಾಕೆ ಎಂದು ಅಪ್ಪ ಗೊಣಗಿದಾಗ ದೇವಿ ಗುಡುಗಿದಳು: “ನಾನು ಹುಲಿ ಮ್ಯಾಲೆ ಅಡ್ಡಾಡ್ತೀನಿ, ಈಕಿ ಸೈಕಲ್ಲ ಮ್ಯಾಲೆ ಕುಂದ್ರಾಕ ನಿನ್ನ ಅಪ್ಪಣಿ ಬೇಕೇನಲೇ?” ಒಡಹುಟ್ಟಿದ ತಮ್ಮನಾದರೂ ಅಪ್ಪ ಉದ್ದಕ್ಕೆ ಅಡ್ಡಬಿದ್ದ. ಪಕ್ಕದಲ್ಲಿ ನಿಂತಿದ್ದ ನಮ್ಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವ್ವ ನಕ್ಕರೂ ಅಷ್ಟೇ, ಮಾತಾಡಿದರೂ ಅಷ್ಟೇ, ಹತ್ತಿರ ಹೋಗಿ ಕಿವಿಗೊಟ್ಟರೆ ಮಾತ್ರ ಕೇಳಿಸುತ್ತಿತ್ತು.

ದೇವಿಗೆ ಹೆದರದವನು ಅವಳ ಗಂಡ, ನಮ್ಮ ಮಾವ ಒಬ್ಬನೇ. ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ-ಮಂಡಕ್ಕಿ ಅಂಗಡಿ ಅವನದು. ಅಂಗಡಿ ಮುಚ್ಚಿ ಬಂದವನು ಕೈಮುಗಿದು ಕೇಳುತ್ತಿದ್ದ: “ತಾಯಿ, ಅನ್ನಕ್ಕ ನೀ ಇಡ್ತೀಯೋ, ನಾನ ಇಡ್ಲೋ?”

“ನೀನ ಇಡು, ಮಗನ!”

ಮಗ ನಗುತ್ತ ಅಕ್ಕಿ ತೊಳೆಯಲು ಹೋಗುತ್ತಿದ್ದ.

ಒಂದು ಸಲ ಬೆಂಗಳೂರಿನ ಮೇಡಂ ಒಬ್ಬರು ಟೇಪ್‌ರೆಕಾರ್ಡರ್ ಹಿಡಿದು ಅತ್ತೆಯನ್ನು ನೋಡಲು ಬಂದರು. ವಿದೇಶಗಳಲ್ಲಂತೂ ಓದಿದ ಹೆಂಗಸರೇ ಈಗ ‘ನಾವು ಮಾಟಗಾತಿಯರು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಹುಣ್ಣಿಮೆಗೊಮ್ಮೆ ಕೂಡಿ ದೇವಿಯನ್ನು ಕರೆಯುತ್ತಾರೆ, ಇದೇ ಮಹಿಳಾ ಸಬಲೀಕರಣ ಎಂದು ವಿವರಿಸಿದರು. ಅತ್ತೆ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು:

“ಹುಣ್ಣಿಮಿಗೆ ಒಮ್ಮೆ ಕರದ್ರ ಸಾಕಾಗತೈತೇನವ್ವಾ? ಅಲ್ಲಿ ಗಂಡಸರು ಅಷ್ಟು ಚಲೋ ಅದಾರೇನು?”

ಮೇಡಂ ಹೋದ ಮೇಲೆ ನಾನೂ ಧೈರ್ಯ ಮಾಡಿದೆ. “ಅತ್ತಿ, ಖರೇ ಹೇಳು, ಅಮ್ಮ ಬರ್ತಾಳೇನು?”

“ಒಮ್ಮೊಮ್ಮೆ ಬರ್ತಾಳ,” ಎಂದಳು ಅತ್ತೆ. “ಆಕಿ ಬರದಿದ್ರ ನಾನ ಹೋಗ್ತೀನಿ. ಬಾಗಿಲಾಗ ಯಾರರ ಅಳಕೋಂತ ನಿಂತಿರ್ತಾರಲ್ಲ!”

ಆಮೇಲೊಂದು ಮಂಗಳವಾರ ಮಾವ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದು ತೀರಿಹೋದ. ಹೆಣ ಎತ್ತುವ ಮುಂಚೆ ಹೆಂಡತಿಯ ಕುಂಕುಮ ಅಳಿಸಿ ಬಳೆ ಒಡೆಯುವುದು ನಮ್ಮಲ್ಲಿಯ ಶಾಸ್ತ್ರ. ಬಳೆ ಹೋದವಳ ಮೈಮೇಲೆ ಅಮ್ಮ ಬರುವುದಿಲ್ಲ ಎಂಬುದು ಓಣಿಯ ನಂಬಿಕೆ. ಅಂದರೆ ಅತ್ತೆಗೆ ಗಂಡನ ಜೊತೆ ದೇವಿಯೂ ಹೋದಂತೆ, ನಮ್ಮ ಹೆಂಗಸರಿಗೆ ಇದ್ದೊಂದು ನ್ಯಾಯದ ಕಟ್ಟೆಯೂ ಹೋದಂತೆ. ಮಾವನ ಅಕ್ಕ ಕಲ್ಲು ಹಿಡಿದು ಅತ್ತೆಯ ಮುಂಗೈ ಎಳೆದುಕೊಂಡಳು.

ನಾವೆಲ್ಲ ಕಾದೆವು. ಈಗ ತುರುಬು ಬಿಚ್ಚುತ್ತಾಳೆ, ಈಗ ಗುಡುಗುತ್ತಾಳೆ! ಅತ್ತೆ ತಲೆ ಎತ್ತಲೇ ಇಲ್ಲ. “ಅನ್ನಕ್ಕ ಯಾರು ಇಡ್ತಾರ ಇನ್ನ?” ಎಂದು ಬಿಕ್ಕುತ್ತ ಕುಳಿತಿದ್ದಳು. ನನಗೆ ಸಿಟ್ಟು ಬಂತು. ಊರ ಹೆಣ್ಣುಮಕ್ಕಳಿಗೆಲ್ಲ ಬಂದವಳು ಇವಳಿಗೊಮ್ಮೆ ಬರಬಾರದೆ?

ಆಗ ಮೂಲೆಯಿಂದ ಒಂದು ದನಿ ಎದ್ದಿತು.

“ಬಿಡ್ರಿ... ಆಕಿ ಕೈ ಬಿಡ್ರಿ.”

ನಮ್ಮವ್ವ! ಸೆರಗು ಜಾರಿತ್ತು, ಕೂದಲು ಬೆನ್ನ ತುಂಬ ಹರಡಿತ್ತು, ಮೈಯೆಲ್ಲ ನಡುಗುತ್ತಿತ್ತು. “ನಾನು ಬಂದೀನಿ. ನನ್ನ ಮಗಳ ಬಳಿ ಒಡೀಬ್ಯಾಡ್ರಿ. ಕುಂಕುಮಾನೂ ಮುಟ್ಟಬ್ಯಾಡ್ರಿ.” ಇಷ್ಟು ಮರ್ಯಾದೆಯಿಂದ ಮಾತಾಡಿದ ದೇವಿಯನ್ನು ನಮ್ಮ ಓಣಿ ಅದುವರೆಗೆ ಕಂಡಿರಲಿಲ್ಲ. ಗುಡುಗಲು ಅವಳಿಗೆ ಬರುತ್ತಲೇ ಇರಲಿಲ್ಲ. ಆದರೂ ಮಾವನ ಅಕ್ಕ ಕಲ್ಲು ಕೆಳಗಿಟ್ಟು ಕೈಮುಗಿದಳು. ಅಂಗಳದಲ್ಲಿದ್ದ ಗಂಡಸರು ಒಬ್ಬೊಬ್ಬರಾಗಿ ಬಾಗಿದರು, ಅಪ್ಪನೂ ಬಾಗಿದ.

ಅತ್ತೆ ಮುಖ ಎತ್ತಿ ಅವ್ವನನ್ನೇ ನೋಡಿದಳು. ನಿಜವಾಗಿಯೂ ಅಮ್ಮ ಬಂದಿದ್ದಳೋ, ನಮ್ಮವ್ವನೇ ಹೋಗಿದ್ದಳೋ, ಅದನ್ನು ಬಲ್ಲವಳು ಅತ್ತೆಯೊಬ್ಬಳೇ.

“ಬಂದ್ಯಾ, ತಾಯಿ?” ಎಂದಳು. ಹಸಿರು ಬಳೆ ತುಂಬಿದ ಎರಡೂ ಕೈಗಳಿಂದ ಅವ್ವನ ಕಾಲು ತಬ್ಬಿಕೊಂಡು ಜೋರಾಗಿ ಅತ್ತಳು.