ಸುಬೇದಾರನ ಪಾರ್ಸಲ್ ಆಫೀಸು

ಫೌಜು ಬಿಟ್ಟು ಖಾಸಗಿ ಕಂಪನಿ ಸೇರಿದವನು ನಗೆಪ್ರಸಂಗ ಹುಡುಕಿಕೊಂಡು ಹೋಗಬೇಕಾಗಿಲ್ಲ. ಹಾಜರಿ ಹಾಕುವ ಮೊದಲೇ ಅವು ಬಾಗಿಲಲ್ಲಿ ನಿಂತಿರುತ್ತವೆ. ನಾನು ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದು ಸುಬೇದಾರನಾಗಿ ನಿವೃತ್ತನಾದವನು. ಈಗ ಒಂದು ಪಾರ್ಸಲ್ ಕಂಪನಿಯ ಮ್ಯಾನೇಜರ್. ಬೀದರ, ಭಾಲ್ಕಿ, ಔರಾದ, ಮೂರೂ ಆಫೀಸು ನನ್ನ ಕೈಕೆಳಗೆ. "ಫೌಜಿನ ಶಿಸ್ತು ನಮ್ಮ ಮಂದಿಗೂ ಕಲಿಸ್ರಿ" ಎಂದು ಮಾಲೀಕರು ನೌಕರಿ ಕೊಟ್ಟಿದ್ದರು.

ಮೊದಲ ಹುಕುಂ

ಬೀದರದ ಆಫೀಸು ತೆರೆಯುವುದು ಒಂಬತ್ತಕ್ಕೆ. ರೂಢಿಯಂತೆ ಎಂಟೂಮುಕ್ಕಾಲಿಗೇ ಹೋದೆ. ಬೀಗ. ಮೆಟ್ಟಿಲ ಮೇಲೆ ಕೂತೆ. ಒಂಬತ್ತೂವರೆಗೆ ಕಸ ಗುಡಿಸುವ ಮಾವಶಿ ಬಂದಳು.

"ನೌಕ್ರಿ ಕೇಳ್ಲಾಕ ಬಂದೀರೇನ್ರಿ?" ಎಂದವಳು, ಉತ್ತರಕ್ಕೂ ಕಾಯದೆ ದನಿ ತಗ್ಗಿಸಿದಳು. "ನನ್ನ ಮಾತು ಕೇಳ್ರಿ, ಬ್ಯಾರೆ ಕಡಿ ನೋಡ್ಕೋರಿ. ಇಲ್ಲಿ ಯಾರೋ ಮಿಲಿಟ್ರಿ ಮ್ಯಾನೇಜರ್ ಬರ್ಲಾಕತ್ತಾನಂತ. ಭಾಳ ಕಡಕ್ ಅದಾನಂತ."

"ಅಂವ ನಾನೇರಿ" ಎಂದೆ.

ಮಾವಶಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಂಗಿದ್ರ ಬೂಟು ಹೊರಗ ಬಿಡ್ರಿ. ಕಸ ಹೊಡ್ಯಾಕಿ ನಾನು."

ಆ ಆಫೀಸಿನಲ್ಲಿ ಮೊದಲ ಹುಕುಂ ಕೊಟ್ಟವಳು ಮಾವಶಿ. ಪಾಲಿಸಿದವನು ನಾನು.

ಔರಾದದ ವರದಿ

ದಿನಾ ಸಂಜೆ ಐದಕ್ಕೆ ಮೂರೂ ಕಡೆಯಿಂದ ಫೋನಿನಲ್ಲಿ ವರದಿ ಬರಬೇಕೆಂದು ಆಜ್ಞೆ ಮಾಡಿದೆ. ಔರಾದದಲ್ಲಿ ಪಾರ್ಸಲ್ ಹಂಚುವಾತ ನನ್ನ ವಯಸ್ಸಿನವ, ಬಲು ನಿಷ್ಠಾವಂತ. ಐದೆಂದರೆ ಐದಕ್ಕೆ ಫೋನು.

"ಸಾಹೇಬ್ರ, ಪರಿಸ್ಥಿತಿ ಶಾಂತ ಅದರಿ. ಎಲ್ಲಾ ಪಾರ್ಸಲ್ ಮುಟ್ಯಾವ. ಮಾಸ್ತರ ಮನೀದು ಒಂದು ಉಳದದ. ಗೇಟಿನಾಗ ನಾಯಿ ಕುಂತದರಿ."

"ನೀವು ಏನು ಕ್ರಮ ತಗೊಂಡ್ರಿ?"

"ಮೊದಲ ಕವಾಯತಿನಂಗ ಸಾವಧಾನ್ ನಿಂತೆರಿ. ಅದೂ ಸಾವಧಾನ್ ನಿಂತಿತು. ನಾ ಒಂದು ಹೆಜ್ಜಿ ಮುಂದಿಟ್ಟೆ, ಅದು ನಾಕು ಇಟ್ಟಿತು. ಆಮ್ಯಾಲ ನೀವು ಕಲಿಸಿದ ಕವಾಯತು ನೆಪ್ಪಾತು. ಪೀಛೇ ಮುಡ್, ದೌಡ್ ಕೇ ಚಲ್!"

ಭಾಲ್ಕಿಯ ಬಿರಿಯಾನಿ

ನಾಯಕನಾದವನು ಕೊನೆಗೆ ಉಣ್ಣಬೇಕು, ಇದು ನನ್ನ ರಕ್ತದಲ್ಲಿ ಕೂತ ಪಾಠ. ಭಾಲ್ಕಿಯ ಡ್ರೈವರ್ ಚಾಚಾಗೆ ಮೊಮ್ಮಗಳು ಹುಟ್ಟಿದ ಖುಷಿ. ಆಫೀಸಿಗೆಲ್ಲ ಬಿರಿಯಾನಿ ತಂದಿದ್ದರು. ನಾನು ಕೈಕಟ್ಟಿ ನಿಂತೆ, ಎಲ್ಲರೂ ಉಂಡ ಮೇಲೆ ಉಣ್ಣಲೆಂದು. ಸಾಹೇಬರು ಮುಟ್ಟದೆ ತಾವು ಹೇಗೆ ಮುಟ್ಟುವುದು ಎಂದು ಅವರೂ ನಿಂತರು. ನನಗೆ ಸಿಟ್ಟು ಬಂದಿದೆ ಎಂದು ಅವರು, ಅವರಿಗೆ ಹಸಿವಿಲ್ಲ ಎಂದು ನಾನು. ಅಷ್ಟರಲ್ಲಿ ಕಿಟಕಿಯಿಂದ ಬಂದ ಬೆಕ್ಕು ದೊಡ್ಡ ತುಂಡೊಂದನ್ನು ಕಚ್ಚಿಕೊಂಡು ಹೋಯಿತು.

ಚಾಚಾ ನಿಟ್ಟುಸಿರು ಬಿಟ್ಟರು. "ಸಾಬ್, ಇವ್ರು ತಿನ್ನದ ನೀವ್ ತಿನ್ನಂಗಿಲ್ಲ, ನೀವ್ ತಿನ್ನದ ಇವ್ರು ತಿನ್ನಂಗಿಲ್ಲ. ಬಿಲ್ಲಿಗಿ ಒಬ್ಬಾಕಿಗೇ ಈ ಕಾಯ್ದಾ ಗೊತ್ತಿಲ್ಲ ನೋಡ್ರಿ."

ಸೀರಿ ಪಾರ್ಸಲ್

ಒಂದು ಬೆಳಿಗ್ಗೆ ಔರಾದ ಕಡೆಯ ಹಳ್ಳಿಯಿಂದ ಒಬ್ಬ ಹುಡುಗಿಯ ಫೋನು. ಅಳುತ್ತಿದ್ದಳು. "ಇವತ್ತ ನನ್ನ ಮದಿವಿ ಅದರಿ. ನಮ್ಮಣ್ಣ ಫೌಜಿನಾಗ ಅದಾನ, ರಜಾ ಸಿಕ್ಕಿಲ್ಲ. ಸೀರಿ ಕಳಸ್ಯಾನ, ಅದು ನಿಮ್ಮಲ್ಲೇ ಕುಂತದ. ಆ ಸೀರಿ ಇಲ್ಲದ ನಾ ಅಕ್ಷತಿಗಿ ನಿಂದ್ರಂಗಿಲ್ಲ."

ತಂಗಿಯ ಮದುವೆಗೆ ರಜೆ ಸಿಗದ ಸಂಕಟ ನನಗೆ ಗೊತ್ತು. ನನ್ನ ತಂಗಿಯ ಮದುವೆಯನ್ನು ನಾನು ನೋಡಿದ್ದು ಫೋಟೋದಲ್ಲಿ. ತಕ್ಷಣ ಮೂವರನ್ನು ಸಾಲಾಗಿ ನಿಲ್ಲಿಸಿದೆ. "ಮುಹೂರ್ತದ ಒಳಗ ಸೀರಿ ಮುಟ್ಟಬೇಕು. ಹುಡುಗಿಯ ಸಹಿ ಆಗೋ ತನಕ ಯಾರೂ ಬಾಯಿ ತೆರೀಬಾರದು. ಹರಟೀನೇ ನಮ್ಮ ಟೈಮ್ ತಿನ್ನೋದು."

ಔರಾದದಾತ ದಾರಿಯಲ್ಲಿ ಕೂಡಿಕೊಂಡ. ಅವನಿಗೂ ಅದೇ ಹುಕುಂ. ಊರು ಇನ್ನೂ ಒಂದು ಮೈಲಿ ಇರುವಾಗ ವ್ಯಾನು ಎರೆಮಣ್ಣಿನ ಕೆಸರಲ್ಲಿ ಹೂತಿತು. ಇಳಿದು ಸಾಲಾಗಿ ನಡೆದೆವು. ಮುಂದೆ ಇಸ್ತ್ರಿ ಅಂಗಿಯ, ಹುರಿಮೀಸೆಯ ನಾನು. ಹಿಂದೆ ಡಬ್ಬ ಹೊತ್ತ ಔರಾದದಾತ. ಅವನ ಹಿಂದೆ ಉಳಿದವರು.

ಊರ ಬಾಗಿಲಲ್ಲಿ ನಮ್ಮನ್ನು ಕಂಡದ್ದೇ ಬಾಜಾ ಶುರುವಾಯಿತು. ಕಾಲಿಗೆ ನೀರು ಹಾಕಿದರು, ಆರತಿ ಎತ್ತಿದರು, ಐವರ ಕೊರಳಿಗೂ ಹಾರ ಹಾಕಿದರು. ನಾನು ಬಾಯಿ ತೆರೆದರೆ ಬಾಜಾದ ಸದ್ದಿನಲ್ಲಿ ಯಾರಿಗೂ ಕೇಳುತ್ತಿಲ್ಲ. ನನ್ನವರೋ, ಆಜ್ಞೆ ಪಾಲಿಸಿ ಕಲ್ಲಿನಂತೆ ನಿಂತಿದ್ದಾರೆ. ಬಾಜಾ ನಿಂತಿತು. ಒಬ್ಬ ಹಿರಿಯರು ನಮ್ಮ ಹಿಂದೆಮುಂದೆ ಇಣುಕಿ ಕೇಳಿದರು: "ಎಲ್ಲಾ ಸರಿ ಅದರಿ ಬೀಗರ, ವರ ಎಲ್ಲಿ?"

ಔರಾದದಾತನಿಗೆ ತಡೆಯಲಾಗಲಿಲ್ಲ. "ವರ ಇಲ್ಲರಿ. ಬರೇ ಸೀರಿ ಅದ."

ಇಡೀ ಚಪ್ಪರ ನಕ್ಕಿತು. ಅರಿಶಿನದ ಕೈಯಲ್ಲೇ ಹುಡುಗಿ ಓಡಿ ಬಂದು ಡಬ್ಬ ಎದೆಗವಚಿಕೊಂಡಳು, ಅತ್ತಳು, ನಕ್ಕಳು, ಸಹಿ ಹಾಕಿದಳು. ಕಾಗದದ ಮೇಲೆ ಅರಿಶಿನದ ಹೆಬ್ಬೆರಳು ಮೂಡಿತು. ನನ್ನ ಕಣ್ಣೂ ಮಂಜಾಯಿತು. ಎದೆ ಸೆಟೆಸಿ ಅವಳಿಗೊಂದು ಸೆಲ್ಯೂಟ್ ಹೊಡೆದೆ.

ಆಗ ಅವಳ ತಂದೆ ಏದುಸಿರು ಬಿಡುತ್ತ ಓಡಿ ಬಂದು ನನ್ನ ಕೈ ಹಿಡಿದರು. ಧನ್ಯವಾದ ಹೇಳುತ್ತಾರೆಂದುಕೊಂಡೆ.

"ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ಆ ಹಾರ ಅಷ್ಟು ತೆಗದು ಕೊಡ್ರಿ. ಖರೇ ಬೀಗರು ಬಂದಾರ!"