ಉದುರು ಮೆಣಸಿನ ದುಡ್ಡಿಗೆ ನಾನು ಗಳಿಸಿಕೊಟ್ಟ ಲಾಭ

ನನ್ನ ಹೆಂಡತಿ ಶಶಿಕಲಾಳ ನಲವತ್ತು ಸಾವಿರ ರೂಪಾಯಿ ಸೋಮಾರಿಯಾಗಿ ಬಿದ್ದಿದೆ ಎಂಬ ಘೋರ ಸತ್ಯ ಒಂದು ಸೋಮವಾರ ನನ್ನ ಗಮನಕ್ಕೆ ಬಂತು. ಬಿದ್ದದ್ದು ಬೇರೆಲ್ಲೂ ಅಲ್ಲ, ನನ್ನದೇ ಷೇರು ಖಾತೆಯಲ್ಲಿ!

ಯಸಳೂರು ಕಡೆಯ ನಮ್ಮ ಮನೆಯಲ್ಲಿ ಬಳ್ಳಿಯಿಂದ ಕೊಯ್ದ ಮೆಣಸು ಮನೆಗೆ, ನೆಲಕ್ಕೆ ಉದುರಿದ್ದು ಆಯ್ದ ಹೆಂಗಸಿಗೆ ಎಂಬುದು ರೂಢಿ. ಮೂರು ವರ್ಷ ಬಗ್ಗಿ ಆಯ್ದು ಅವಳು ಕೂಡಿಸಿದ ದುಡ್ಡದು. "ಒಳ್ಳೆ ಷೇರು ಕೊಡಿಸ್ತೀನಿ" ಎಂದು ನಾನೇ ಈಸಿಕೊಂಡು, ಯಾವ ಷೇರು ಎಂದು ತೀರ್ಮಾನವಾಗದೆ ಹಾಗೇ ಇಟ್ಟಿದ್ದೆ.

ಆ ವಾರ ಅದು ಅವಳಿಗೆ ಬೇಕಾಗಿತ್ತು. ಊರಿನ ಟೀಚರಿಗೆ ವರ್ಗವಾಗಿ, ಭಾನುವಾರ ಹೊರಡುವ ಮೊದಲು ತಮ್ಮ ಸ್ಕೂಟರನ್ನು ನಲವತ್ತು ಸಾವಿರಕ್ಕೆ ಇವಳಿಗೇ ಕೊಡುತ್ತೇನೆಂದಿದ್ದರು. ಶಶಿ ರವಿಕೆ ಹೊಲಿದು, ಗಂಟು ಕಟ್ಟಿ, ಅಂಗಡಿಗೆ ಕೊಡಲು ವಾರವಾರ ಸಕಲೇಶಪುರದ ಬಸ್ಸಿನಲ್ಲಿ ನಿಂತುಕೊಂಡು ಹೋಗುವವಳು. ಶಾಲೆ ಮೈದಾನದಲ್ಲಿ ಎರಡು ಸಲ ಬಿದ್ದು, ಅದೇ ಸ್ಕೂಟರಿನಲ್ಲಿ ಓಡಿಸುವುದನ್ನು ಕಲಿತಿದ್ದಳು.

"ಖಾತೇಲಿ ಸುಮ್ನೆ ಬಿದ್ರೆ ಬಿಡಿಗಾಸೂ ಬರಲ್ಲ ಕಣೇ. ಅಲ್ಲೇ ಒಂದು ಫಂಡ್ ಐತೆ. ಹಾಕ್ಬುಟ್ರೆ ದಿನಾ ಬೆಳೀತದೆ," ಎಂದೆ.

"ಆರು ದಿನದಲ್ಲಿ ಎಷ್ಟು ಬೆಳೆದಾತು? ಇದ್ದಂಗೇ ಇರ್ಲಿ ಬುಡ್ರೀ."

ಬಿಡಲಿಲ್ಲ. ಹಾಕಿಯೇಬಿಟ್ಟೆ. ಪಕ್ಕದ ಮನೆ ಮಂಜಣ್ಣನಿಗೂ ಅರ್ಧ ಗಂಟೆ ಉಪದೇಶ ಮಾಡಿದೆ.

ಗುರುವಾರ "ದುಡ್ಡು ತೆಗೀರಿ" ಎಂದು ಶಶಿ ನೆನಪಿಸಿದಳು. ಇನ್ನೊಂದು ದಿನದ ಲಾಭವನ್ನು ಸುಮ್ಮನೆ ಯಾಕೆ ಕಳೆದುಕೊಳ್ಳಬೇಕೆಂದು ನಾನು ತೆಗೆಯಲಿಲ್ಲ. ಮೂರು ಗಂಟೆಯೊಳಗೆ ಕೇಳಿದರೆ ಮಾರನೇ ದಿನವೇ ಹಣ ಬರುತ್ತದೆಂಬ ಲೆಕ್ಕದಲ್ಲಿ ಶುಕ್ರವಾರ ಊಟ ಮುಗಿಸಿ ಗುಡ್ಡ ಹತ್ತತೊಡಗಿದೆ. ನಮ್ಮಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಗುಡ್ಡದ ತುದಿಯಲ್ಲಿ ಮಾತ್ರ. ಅರ್ಧ ದಾರಿಯಲ್ಲಿ ಮಂಜಣ್ಣನ ಕೂಗು ಕೇಳಿಸಿತು.

"ಹತ್ಬೇಡ ಮಾರಾಯ! ಮೇಲೆ ಮೂರು ಆನೆ ಅವೆ!"

ನನ್ನ ಸಿಗ್ನಲ್ ಜಾಗದಲ್ಲೇ ನಿಂತು ಆ ಮಹನೀಯರು ಸಾವಕಾಶವಾಗಿ ಬೈನೆ ಮರ ತಿಂದರು. ಅವರು ಆಚೆ ಇಳಿಯುವಾಗ ಗಂಟೆ ಐದು. ಮೇಲೆ ಹತ್ತಿ ಗುಂಡಿ ಒತ್ತಿದರೆ ಫೋನು ಬಹಳ ವಿನಯದಿಂದ ತಿಳಿಸಿತು: ಇಂದಿನ ಸಮಯ ಮುಗಿದಿದೆ, ಶನಿವಾರ ಭಾನುವಾರ ರಜೆ, ಹಣ ಮಂಗಳವಾರ ಬರುತ್ತದೆ!

ಮಂಜಣ್ಣನ ಮನೆಗೆ ಓಡಿದೆ. "ನಾಲ್ಕು ದಿನದ ಮಟ್ಟಿಗೆ ನಲವತ್ತು ಸಾವಿರ ಕೊಡೋ."

"ಎಲ್ಲಿಂದ ತರ್ಲಿ? ನಿನ್ನ ಮಾತು ಕೇಳ್ಕಂಡು ನಾನೂ ಎಲ್ಲಾ ಅದ್ಕೇ ಹಾಕ್ಬುಟ್ಟಿವ್ನಿ ಕಣೋ!"

ಟೀಚರ್ ಭಾನುವಾರ ಮಧ್ಯಾಹ್ನದವರೆಗೂ ಕಾದರು. ಆಮೇಲೆ ಕುಂದೂರಿನವರೊಬ್ಬರು ನೋಟು ಕೊಟ್ಟು ಸ್ಕೂಟರ್ ಓಡಿಸಿಕೊಂಡು ಹೋದರು. ಶಶಿ ಗೇಟಿನ ಹತ್ತಿರ ನಿಂತು ನೋಡಿದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. "ಹೋಗ್ಲಿ ಬುಡಿ" ಎಂದು ಹೊಲಿಗೆ ಮಿಷನ್ ಮುಂದೆ ಕೂತಳು. ಅವಳ ದುಡ್ಡಿನಲ್ಲಿ ಜಾಣತನ ತೋರಿಸಲು ನನಗೆ ಯಾರು ಹೇಳಿದ್ದರು?

ಮಂಗಳವಾರ ಹಣ ಬಂತು. ಒಟ್ಟು ಲಾಭ ಮೂವತ್ತಾರು ರೂಪಾಯಿ!

ಬುಧವಾರ ಪ್ರಾಯಶ್ಚಿತ್ತವೆಂದು ರವಿಕೆ ಗಂಟನ್ನು ನಾನೇ ಹೊತ್ತು ಅವಳ ಜೊತೆ ಬಸ್ಸು ಹತ್ತಿದೆ. ಹೆಂಗಸರಿಗೆ ಪ್ರಯಾಣ ಉಚಿತ. ನನ್ನ ಟಿಕೆಟ್ಟನ್ನು ನನ್ನ ಗಳಿಕೆಯಿಂದಲೇ ಕೊಳ್ಳುವ ಗತ್ತಿನಲ್ಲಿ ಆ ಮೂವತ್ತಾರು ರೂಪಾಯಿಯನ್ನಷ್ಟೇ ಜೇಬಿಗೆ ಹಾಕಿಕೊಂಡು ಬಂದಿದ್ದೆ.

"ನಲವತ್ತು," ಎಂದ ಕಂಡಕ್ಟರ್.

ಉಳಿದ ನಾಲ್ಕು ರೂಪಾಯಿಯನ್ನು ಶಶಿ ಕೊಟ್ಟಳು.